ಆತಗೂರಿನ ಓಣಿಯಲ್ಲಿ ಹನ್ನೆರಡು ಚಕ್ರ

ಬೆಳಿಗ್ಗೆ ಏಳು ಗಂಟೆಗೆ ಜಗಲಿಯ ಮೇಲೆ ಕೂತು, ನರ್ಮದಾ ನದಿಯ ಸೇತುವೆ ಎಷ್ಟು ಉದ್ದ ಎಂದು ಮಹದೇವು ಎರಡೂ ಕೈ ಚಾಚಿ ತೋರಿಸದಿದ್ದರೆ ಆ ದಿನ ನೆಟ್ಟಗೆ ಕಳೆದುಹೋಗುತ್ತಿತ್ತು. ಚಾಚಿದ. ಎಡಗೈ ಹೋಗಿ ತಾಯಿ ಬೆಟ್ಟಮ್ಮನ ಕಾಫಿ ಲೋಟಕ್ಕೆ ಬಡಿಯಿತು.

“ಅಷ್ಟುದ್ದ ಅದಾ?” ಬೆಟ್ಟಮ್ಮ ಸೆರಗಿನಿಂದ ಮೊಣಕೈ ಒರೆಸಿಕೊಂಡಳು. “ಸರಿ, ಗಗನಚುಕ್ಕೀಲಿ ನೀರು ಎಷ್ಟೆತ್ತರದಿಂದ ಬೀಳ್ತದೆ, ಅದ ಹೇಳ್ಲಾ ಮತ್ತೆ.”

ಮಹದೇವು ಚಾಚಿದ ಕೈಗಳನ್ನು ಮೆಲ್ಲಗೆ ಮಡಚಿಕೊಂಡ.

ಕೊಪ್ಪದವರ ಪಾಲಿಗೆ ಮಹದೇವು ದೇಶ ನೋಡಿದವನು. ಒಂಬತ್ತು ವರ್ಷದಿಂದ ಮಂಡ್ಯದ ಬೆಲ್ಲವನ್ನು ಗುಜರಾತಿಗೂ ರಾಜಸ್ಥಾನಕ್ಕೂ ಹೊತ್ತು, ಬರುವಾಗ ಟೈಲ್ಸು ತುಂಬಿಕೊಂಡು ಬರುವ ಹನ್ನೆರಡು ಚಕ್ರದ ಲಾರಿಯ ಡ್ರೈವರು. ತಿಂಗಳಿಗೆ ಮೂರು ದಿನ ಊರಲ್ಲಿದ್ದರೆ ಹೆಚ್ಚು. ಆ ಮೂರು ದಿನ ಅವನು ಹೇಳಿದ್ದೇ ದೇಶ. ಆದರೆ ನಿಜವಾಗಿ ಅವನು ಕಂಡದ್ದೇನು? ಅರಮನೆ ಅಂದರೆ ಬಾಣದ ಗುರುತಿನ ಒಂದು ಬೋರ್ಡು. ಕೋಟೆ ಅಂದರೆ ಇನ್ನೊಂದು ಬೋರ್ಡು. ಬಾಣ ಬಲಕ್ಕೆ, ಅದರ ಕೆಳಗೇ ‘ಭಾರಿ ವಾಹನಗಳು ಎಡಕ್ಕೆ’. ಈ ದೇಶದಲ್ಲಿ ನೋಡುವಂಥದ್ದನ್ನೆಲ್ಲ ಬಲಕ್ಕೆ ಕಟ್ಟಿಟ್ಟು, ಹೊರುವವರನ್ನೆಲ್ಲ ಎಡಕ್ಕೆ ಅಟ್ಟಿದ್ದಾರೆ. ಸೇತುವೆಗಳು ಮಾತ್ರ ಅವನ ಪಾಲಿಗೆ ಉಳಿದಿದ್ದವು, ಯಾಕೆಂದರೆ ನದಿಯನ್ನು ಬಲಕ್ಕೆ ಎತ್ತಿಡಲು ಯಾರಿಂದಲೂ ಆಗಿಲ್ಲ.

“ನೋಡಿಲ್ವಾ?” ಎದುರು ಮನೆಯ ಚಿಕ್ಕಬೋರಯ್ಯ ಬೀಡಿ ಬಾಯಿಂದ ತೆಗೆದ. ಎಪ್ಪತ್ತರ ಮುದುಕ, ಬೇರೆಯವರ ಮನೆಯ ಮಾತಿಗೆ ಕಿವಿಯನ್ನು ಎರವಲು ಕೊಟ್ಟೇ ಬದುಕಿದವನು. “ಮಳವಳ್ಳಿ ದಾಟಿದ್ರೆ ಬೆಳಕವಾಡಿ, ಬೆಳಕವಾಡಿ ದಾಟಿದ್ರೆ ಗಗನಚುಕ್ಕಿ. ಗುಜರಾತ್ಗೆ ಓಗಿ ಬರೋನು ಅಷ್ಟು ದೂರ ಓಗಿಲ್ವಾ? ಲೇ, ನೀನು ದೇಶ ನೋಡಿರೋದು ನಮ್ ಕೋಣ ಸಂತೆ ನೋಡ್ದಂಗೆ ಕಣ್ಲಾ.”

“ನಿಮ್ಮಪ್ಪ ತೋರುಸ್ತೀನಿ ತೋರುಸ್ತೀನಿ ಅಂತ್ಲೇ ಓಗ್ಬುಟ್ಟ,” ಎಂದಳು ಬೆಟ್ಟಮ್ಮ. “ಕಟ್ಟೆ ತುಂಬಿ ನೀರು ಬುಟ್ಟವ್ರಂತೆ, ಟೀವೀಲಿ ಬಂತು. ನಿನ್ ಗಾಡಿ ಖಾಲಿ ನಿಂತದೆ. ಇವತ್ತೇ ಕರ್ಕೊಂಡೋಗು. ಇಲ್ದಿದ್ರೆ ಇನ್ಮೇಲೆ ನರ್ಮದೆ ಗಿರ್ಮದೆ ಅಂತ ಈ ಜಗಲೀಲಿ ಬಾಯಿ ಬುಡ್ಬೇಡ.”

ಕರೆದುಕೊಂಡು ಹೋಗಬಹುದಿತ್ತು. ಸಂಜೆ ಆರಕ್ಕೆ ಮಂಡ್ಯದ ಬೆಲ್ಲದ ಮಂಡಿಯಲ್ಲಿ ಲೋಡು. ಅಲ್ಲಿಯವರೆಗೆ ಲಾರಿಗೆ ಕೆಲಸವಿರಲಿಲ್ಲ. ಆದರೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಸೋಪಿನ ಡಬ್ಬಿಯಷ್ಟು ಗಾತ್ರದ ಕಪ್ಪು ಡಬ್ಬಿಯೊಂದು ಆಯಸ್ಕಾಂತದಿಂದ ಕಚ್ಚಿಕೊಂಡಿತ್ತು. ಲಾರಿ ಎಲ್ಲಿ ಹೋದರೂ ಮಂಡ್ಯದಲ್ಲಿರುವ ಮಾಲೀಕ ರವಿಚಂದ್ರನ ಮೊಬೈಲಿನ ನಕ್ಷೆಯ ಮೇಲೆ ಒಂದು ಹಸಿರು ಬೊಟ್ಟು ಅಲ್ಲಲ್ಲೇ ಹೋಗುತ್ತಿತ್ತು. ಎತ್ತಿನ ಮೂಗುದಾರ ಹಿಡಿದವನಾದರೂ ಹೊಲದಲ್ಲಿ ಅದರ ಜೊತೆಗೇ ನಡೆಯುತ್ತಾನೆ. ಈ ಮೂಗುದಾರ ಹಿಡಿದವನು ಮಂಡ್ಯದಲ್ಲಿ ಫ್ಯಾನಿನ ಕೆಳಗೆ ಕೂತಿರುತ್ತಿದ್ದ. ಹೇಳಿದ ದಾರಿ ಬಿಟ್ಟು ಮಹದೇವು ಈಗಾಗಲೇ ಎರಡು ಸಲ ಸಿಕ್ಕಿಬಿದ್ದಿದ್ದ. ಒಮ್ಮೆ ಒಂಟೆ ನೋಡಲು, ಒಮ್ಮೆ ಹೊಳೆಯಲ್ಲಿ ಮುಳುಗಲು. “ಮೂರನೇ ಸಲಕ್ಕೆ ಮಾತಿಲ್ಲ ಕಣಯ್ಯ, ಕೀ ತಂದು ಮೇಜಿನ ಮೇಲಿಡು,” ಎಂದಿದ್ದ ರವಿಚಂದ್ರ. ಇವತ್ತಿನ ದಾರಿ ಇಷ್ಟೆ: ಕೊಪ್ಪ, ಮದ್ದೂರು, ಮಂಡ್ಯ.

ಮಹದೇವು ಇದನ್ನೆಲ್ಲ ಹೇಳಿದ. ಚಿಕ್ಕಬೋರಯ್ಯ ಬೀಡಿಯ ಬೂದಿ ಕೊಡವಿ ನ್ಯಾಯ ತೀರ್ಮಾನಿಸಿದ.

“ಮಂಡ್ಯಕ್ಕೆ ಓಗ್ಬೇಕಾಗಿರೋದು ಡಬ್ಬಿ ತಾನೆ? ಲಾರಿ ಯಾಕ್ಲಾ ಓಗ್ಬೇಕು?”

ಅದೇ ಹೊತ್ತಿಗೆ ಮೂರನೇ ಮನೆಯ ನಾಗಯ್ಯ, ಎರಡು ಕಡೆ ಎರಡು ದೊಡ್ಡ ಬ್ಯಾಗು ನೇತುಹಾಕಿಕೊಂಡು, ಬಿಳಿ ಪಂಚೆ ಉಟ್ಟು ಟಿವಿಎಸ್ ಹತ್ತಿ ಬಂದ.

“ಎಲ್ಲಿಗೆ ನಾಗಣ್ಣ?”

“ಮಂಡ್ಯಕ್ಕೆ.”

ಆ ಒಂದು ಮಾತು ಕೇಳಿದ್ದೇ ಮಹದೇವುವಿಗೆ ದೇವರೇ ಟಿವಿಎಸ್ ಹತ್ತಿ ಬಂದಂತಾಯಿತು. ಡಬ್ಬಿ ಕಿತ್ತು ನಾಗಯ್ಯನ ಬ್ಯಾಗಿಗೆ ಹಾಕಿದ. “ಬೆಲ್ಲದ ಮಂಡಿ ಗೇಟಿನ ಟೀ ಅಂಗಡೀಲಿ ಕೊಟ್ಬುಡಣ್ಣ, ಸಂಜೆ ಇಸ್ಕೋತೀನಿ.”

“ಅದ್ಕೇನಂತೆ,” ಎಂದು ನಾಗಯ್ಯ ಹೊರಟ.

ಅರ್ಧ ಗಂಟೆಯಲ್ಲಿ ಲಾರಿ ಸಿದ್ಧವಾಯಿತು. ಬೆಟ್ಟಮ್ಮ ಒಬ್ಬಳೇ ಬರುವುದೆಂದು ಮಾತಾಗಿತ್ತು. ಆದರೆ ಅವಳು ನೀರು ತರಲು ಹೋದಾಗ ನಲ್ಲಿಯ ಹತ್ತಿರ ಒಂದು ಮಾತು ಹೇಳಿದ್ದಳು. ಬೆಲ್ಲ ತುಂಬಬೇಕಾದ ಲಾರಿಗೆ ಕೊಪ್ಪ ತುಂಬಿತು. ಇಪ್ಪತ್ತೊಂದು ಹೆಂಗಸರು, ಮೂರು ಬುತ್ತಿ ಗಂಟು, ಒಂದು ಹಾರ್ಮೋನಿಯಂ, ಮತ್ತು ‘ದಾರಿ ತೋರಿಸಲು’ ಚಿಕ್ಕಬೋರಯ್ಯ.

ಮದ್ದೂರು ದಾಟಿ ಮಳವಳ್ಳಿಯ ರಸ್ತೆಗೆ ಬಿದ್ದಾಗ ಮಹದೇವುವಿನ ಎದೆ ಹಗುರಾಯಿತು. ಎಡಬಲಕ್ಕೆ ಹೊಸ ನಾಟಿಯ ಗದ್ದೆ, ಆಳೆತ್ತರದ ಕಬ್ಬು, ನಾಲೆಯಲ್ಲಿ ಎಮ್ಮೆ ತೊಳೆಯುವವರು. ಕ್ಯಾಬಿನ್ನಿನಲ್ಲಿ ಬೆಟ್ಟಮ್ಮ ಕಾಲು ಮಡಚಿ ಕೂತು, ಮೊದಲ ಸಲ ಲೋಕವನ್ನು ಆನೆಯ ಎತ್ತರದಿಂದ ನೋಡುತ್ತಿದ್ದಳು.

“ಅಯ್ಯೋ ಮಹದೇವ, ಇಲ್ಲಿಂದ ಎಲ್ಲಾರ ಮನೆ ಹಿತ್ಲೂ ಕಾಣ್ತದಲ್ಲೋ! ನೋಡು ಆ ಮನೆಯೋಳು ಮುಂದುಗಡೆ ರಂಗೋಲಿ ಎಂಗ್ ಬುಟ್ಟವ್ಳೆ, ಹಿಂದುಗಡೆ ಮುಸುರೆ ಎಂಗ್ ಎರ್ಚವ್ಳೆ. ದಿನಾ ಇದ್ನೆಲ್ಲ ಪುಕ್ಕಟೆ ನೋಡ್ಕಂಡು ಓಗ್ತೀಯಾ? ಅದೃಷ್ಟವಂತ ಕಣ್ಲಾ ನೀನು.”

ಫೋನು ಬಂತು. ರವಿಚಂದ್ರ. ಮಹದೇವು ಗಾಡಿ ಪಕ್ಕಕ್ಕೆ ನಿಲ್ಲಿಸಿ, ಹಿಂದಿನವರಿಗೆ ‘ಉಸಿರೆತ್ತಬೇಡಿ’ ಎಂದು ಸನ್ನೆ ಮಾಡಿದ.

“ಮಹದೇವು, ಮದ್ದೂರಿಗೆ ಬರಬೇಕಾದ ಗಾಡಿ ಆತಗೂರಿಗೆ ಯಾಕೆ ಹೋಯ್ತು?”

“ಆತಗೂರಾ?” ಮಹದೇವುವಿನ ನಾಲಿಗೆ ಗೇರು ಸಿಗದ ಲಾರಿಯಂತೆ ಕಿರ್ರೆಂದಿತು. “ರೋಡ್ ಕೆಲಸ ಸಾ. ಡೈವರ್ಷನ್ ಹಾಕವ್ರೆ.”

“ಡೈವರ್ಷನ್ ಊರೊಳಗೆ ಹಾಕಿದ್ದಾರಾ? ಗಾಡಿ ಓಣೀಲಿದೆ. ಒಂದು ಮನೆ ಮುಂದೆ ಹನ್ನೆರಡು ನಿಮಿಷ ನಿಲ್ತು. ಆಮೇಲೆ ಪಕ್ಕದ ಮನೆ. ಈಗ ಅದರ ಎದುರು ಮನೆ. ಏನಯ್ಯಾ, ಮನೆಮನೆಗೆ ಹಾಲು ಹಾಕ್ತಿದ್ದೀಯಾ?”

“ಜನ ಅಡ್ಡ ಸಾ. ತಿರುಗ್ಸ್ಕೊಂಡು ಬತ್ತಾವ್ನಿ ಸಾ.”

ಫೋನಿಟ್ಟು ತಾಯಿಯ ಕಡೆ ತಿರುಗಿದ. “ಅವ್ವಾ, ನಾಗಣ್ಣ ಮಂಡ್ಯಕ್ಕೆ ಏನ್ ಕೆಲಸದ ಮೇಲೆ ಓಗವ್ನೆ?”

“ಗೊತ್ತಿಲ್ವಾ? ಮಗಳು ದೀಪಿಕಂದು ಮದ್ವೆ ಅಲ್ವಾ, ಲಗ್ನಪತ್ರಿಕೆ ಹಂಚಾಕೆ ಓಗವ್ನೆ. ಇನ್ನೂರು ಕಾರ್ಡು. ನೆಂಟರೆಲ್ಲ ಆತಗೂರಿಂದ ಮಂಡ್ಯಗಂಟ ಚೆಲ್ಲಾಡವ್ರೆ.”

ಮಹದೇವು ಸ್ಟೇರಿಂಗಿನ ಮೇಲೆ ಹಣೆ ಇಟ್ಟ. ಹಾರನ್ನು ಕೂಗಿತು. ಲಗ್ನಪತ್ರಿಕೆ ಹಂಚುವವನ ದಾರಿ ಅವನಿಗೆ ಗೊತ್ತಿಲ್ಲದ್ದಲ್ಲ. ಹೊಸ್ತಿಲ ಹೊರಗೆ ನಿಂತು ಕೊಟ್ಟರೆ ಅವಮಾನ. ಒಳಗೆ ಹೋಗಬೇಕು, ಕೂರಬೇಕು, ಅರಿಶಿನ ಕುಂಕುಮ ಹಚ್ಚಿ ಹೆಸರು ಹಿಡಿದು ಕರೆಯಬೇಕು, ಕೊಟ್ಟ ಕಾಫಿ ಕುಡಿಯಬೇಕು. ಒಂದು ಮನೆಯಲ್ಲಿ ಕುಡಿದು ಇನ್ನೊಂದರಲ್ಲಿ ಬಿಟ್ಟರೆ ಆ ಇನ್ನೊಂದು ಮನೆಯವರು ಮದುವೆಗೆ ಬರುವುದಿಲ್ಲ. ಬಂದರೂ ಊಟ ಮಾಡುವುದಿಲ್ಲ.

ನಾಗಯ್ಯನಿಗೆ ಫೋನು ಮಾಡಿದ. ರಿಂಗಾಯಿತು. ಲಾರಿಯ ಹಿಂಭಾಗದಲ್ಲಿ.

“ನನ್ ಹತ್ರ ಅದೆ ಕಣಣ್ಣ,” ನಾಗಯ್ಯನ ಹೆಂಡತಿ ವೀಣ ಮೇಲಿಂದ ಫೋನು ಆಡಿಸಿ ತೋರಿಸಿದಳು. “ಊರೇ ಓಯ್ತದೆ, ಫೋಟೊ ತೆಗೆಯನ ಅಂತ ನಲ್ಲಿ ಹತ್ರ ಟಿವಿಎಸ್ ತಡ್ದು ಇಸ್ಕಂಡೆ.”

ಮಳವಳ್ಳಿ ತಲುಪುವುದರೊಳಗೆ ಇನ್ನೆರಡು ಸಲ ಫೋನು ಬಂತು. ಮೊದಲನೆಯ ಸಲ ರವಿಚಂದ್ರನ ದನಿಯಲ್ಲಿ ಕೋಪಕ್ಕಿಂತ ಬೆರಗು ಹೆಚ್ಚಿತ್ತು.

“ಮಹದೇವು, ಆ ಮಾರಮ್ಮನ ಗುಡಿ ಹಿಂದಿನ ಓಣೀಲಿ ಎತ್ತಿನ ಗಾಡೀನೇ ತಿರುಗಲ್ಲ. ನೀನು ಹನ್ನೆರಡು ಚಕ್ರ ತಿರುಗಿಸಿ ಈಚೆಗೆ ತಂದೆಯಲ್ಲ, ಹೆಂಗಯ್ಯಾ?”

“ರಿವರ್ಸ್ ತಗಂಡೆ ಸಾ.”

“ಅಲ್ಲೀನಾ?” ರವಿಚಂದ್ರ ಒಂದು ಕಾಲಕ್ಕೆ ತಾನೂ ಲಾರಿ ಓಡಿಸಿದವನು. “ನಾನೇ ಆಗಿದ್ರೂ ಆಗ್ತಿರಲಿಲ್ಲ ಕಣೋ.”

ಎರಡನೆಯ ಸಲ ಬೆರಗು ಇಳಿದಿತ್ತು. “ಗಾಡಿ ಕಬ್ಬಿನ ಗದ್ದೆ ನಡುವೆ ನಿಂತಿದೆ. ರೋಡಿಂದ ಐವತ್ತು ಅಡಿ ಒಳಗೆ. ಹೇಳು.”

ಮಹದೇವು ಫೋನು ಮುಚ್ಚಿಕೊಂಡು ತಾಯಿಯ ಮುಖ ನೋಡಿದ.

“ಏಳೆಂಟು ಮನೆ ಕಾಫಿ ಕುಡ್ದವ್ನೆ,” ಎಂದಳು ಬೆಟ್ಟಮ್ಮ. “ಕಬ್ಬಿನ್ ಗದ್ದೆಗೆ ಓಗ್ದೆ ಇನ್ನೆಲ್ಲಿಗೆ ಓದಾನು?”

“ಸಾ, ಎದ್ರಿಂದ ಬಸ್ ಬಂತು, ಸೈಡ್ ಕೊಟ್ಟೆ.”

“ಐವತ್ತು ಅಡಿ ಸೈಡಾ?”

“ದೊಡ್ಡ ಬಸ್ಸು ಸಾ.”

“ಮಹದೇವು, ಕೀ ನೆನಪಿರಲಿ,” ಎಂದು ಫೋನಿಟ್ಟ.

ಬೆಳಕವಾಡಿಯಲ್ಲಿ ದಾರಿ ಎರಡಾಯಿತು. ದಾರಿ ತೋರಿಸಲು ಬಂದ ಚಿಕ್ಕಬೋರಯ್ಯ ಹಾರ್ಮೋನಿಯಂಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಗುಜರಾತಿಗೆ ನಕ್ಷೆಯಿಲ್ಲದೆ ಹೋಗುವ ಮಹದೇವು ತಲೆ ಹೊರಗೆ ಹಾಕಿ, ಟೊಮೊಟೊ ತುಂಬುತ್ತಿದ್ದ ಒಬ್ಬನನ್ನು ಮೆಲ್ಲಗೆ ಕೇಳಿದ.

“ಗಗನಚುಕ್ಕಿಗೆ ಎಂಗೋಗ್ಬೇಕಣ್ಣ?”

ಅವನು ಲಾರಿಯ ನಂಬರು ನೋಡಿದ. ಮಹದೇವುವನ್ನು ನೋಡಿದ. ಮತ್ತೆ ನಂಬರು ನೋಡಿದ. “ಮಂಡ್ಯ ಗಾಡಿ ಮಡೀಕಂಡು ಗಗನಚುಕ್ಕಿಗೆ ದಾರಿ ಕೇಳ್ತೀಯಲ್ಲ, ಅನ್ನ ತಿಂತೀಯಾ ನೀನು?”

“ಮುದ್ದೆ ತಿಂತಾನೆ ಕಣಪ್ಪ,” ಎಂದಳು ಬೆಟ್ಟಮ್ಮ. “ದಾರಿ ಹೇಳು.”

ಗಗನಚುಕ್ಕಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿತ್ತು. ನೆಲದೊಳಗೆ ಸಾವಿರ ಲಾರಿ ಒಟ್ಟಿಗೆ ಸ್ಟಾರ್ಟ್ ಮಾಡಿಟ್ಟಂಥ ಸದ್ದು. ಗಾಡಿ ನಿಂತದ್ದೇ ತಡ, ಹೆಂಗಸರು ಲಾರಿಯ ಹಿಂಬದಿಯ ಹಲಗೆ ಹಾರಿ, ಸೀರೆ ಎತ್ತಿ ಕಟ್ಟಿ ಕಂಬಿಯ ಕಡೆ ಓಡಿದರು. ಚಿಕ್ಕಬೋರಯ್ಯ ಎಲ್ಲರಿಗಿಂತ ಮುಂದಿದ್ದ. ಮಹದೇವು ಬಾಗಿಲು ಹಾಕಿ, ಕೂದಲು ಬಾಚಿಕೊಂಡು, ಮೆಟ್ಟಿಲ ಮೇಲೆ ಕಾಲಿಟ್ಟ. ಇನ್ನು ಹತ್ತು ಮೆಟ್ಟಿಲು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನು ಬಾಣದ ಗುರುತಿನ ಕಡೆಗೆ ಹೋಗುತ್ತಿದ್ದ.

ಫೋನು ಬಂತು.

ತೆಗೆಯದಿದ್ದರೆ ಕೀ ಹೋಗುತ್ತದೆ. ಇಲ್ಲೇ ತೆಗೆದರೆ ನೀರಿನ ಸದ್ದು ಫೋನಿನೊಳಕ್ಕೆ ಹೋಗುತ್ತದೆ, ಅದರ ಹಿಂದೆ ಕೀಯೂ ಹೋಗುತ್ತದೆ. ಮಹದೇವು ತಿರುಗಿ ಮೇಲಕ್ಕೆ ಓಡಿ, ಲಾರಿ ಹತ್ತಿ, ಗಾಜು ಏರಿಸಿ, ಮೈಮೇಲೆ ಟಾರ್ಪಾಲು ಎಳೆದುಕೊಂಡು “ಹಲೋ ಸಾ” ಎಂದ.

“ಮದ್ದೂರು ಮುಟ್ಟಿದೆಯಲ್ಲ, ಒಳ್ಳೇದು. ಆದ್ರೆ ಗಾಡಿ ಕಲ್ಯಾಣ ಮಂಟಪದಲ್ಲಿದೆ ಕಣೋ. ಮುಂದೆ ಅಲ್ಲ, ಒಳಗೆ. ಊಟದ ಹಾಲಿನಲ್ಲಿ.”

“ಯೂ ಟರ್ನು ಸಾ.”

“ಊಟದ ಹಾಲಲ್ಲಾ?”

“ಮಂಟಪದ ಕಾಂಪೌಂಡು ದೊಡ್ಡದದೆ ಸಾ.”

ಬೆವರು ಒರೆಸಿಕೊಂಡು ಮತ್ತೆ ಇಳಿದ. ಈ ಸಲ ಐದು ಮೆಟ್ಟಿಲು. ಮತ್ತೆ ಫೋನು. ಮತ್ತೆ ಮೇಲಕ್ಕೆ. ಮೂರನೆಯ ಸಲ ಟಾರ್ಪಾಲು ಎಳೆಯುವ ಮುಂಚೆಯೇ ಬೆರಳು ತಾಗಿಬಿಟ್ಟಿತು.

“ಅದೇನಯ್ಯಾ ಭೋರ್ ಅಂತ ಸದ್ದು?”

“ಮಳೆ ಸಾ.”

“ಮಂಡ್ಯದಲ್ಲಿ ಬಿಸಿಲು ಚರ್ಮ ಸುಲೀತಿದೆ.”

“ಇಲ್ಲೊಂದ್ಕೇ ಸಾ. ತುಂಡು ಮೋಡ.”

ಪಾರ್ಕಿಂಗಿನಲ್ಲಿ ಸೌತೆಕಾಯಿ ಮಾರುವವನು ಮಹದೇವುವಿಗೆ ಹೊಟ್ಟೆ ಕೆಟ್ಟಿದೆ ಎಂದು ತಿಳಿದು, ಕೇಳದೆಯೇ ಶೌಚಾಲಯದ ದಾರಿ ತೋರಿಸಿದ.

ಕೆಳಗಿನಿಂದ ಕೇಕೆ ಕೇಳುತ್ತಿತ್ತು. ಬೆಟ್ಟಮ್ಮ ಮೆಟ್ಟಿಲ ಬುಡಕ್ಕೆ ಬಂದು ಎರಡೂ ಕೈ ಬೀಸಿ ಕರೆದಳು. ಅವಳ ಬಿಳಿ ಕೂದಲ ತುಂಬ ಸಣ್ಣ ಸಣ್ಣ ನೀರ ಹನಿ ಕೂತಿದ್ದವು. ಮುಖ ಹದಿನಾರರ ಹುಡುಗಿಯದಾಗಿತ್ತು. “ಬಾರ್ಲಾ! ಡೈರಿ ಒಡೆದೋಗಿ ಜಿಲ್ಲೆ ಹಾಲೆಲ್ಲ ಒಂದೇ ಸಲಕ್ಕೆ ಸುರ್ದಂಗದೆ ಕಣೋ! ನಿಮ್ಮಪ್ಪ ನೋಡಿದ್ರೆ ಬಾಯಿ ಮುಚ್ತಿರ್ಲಿಲ್ಲ. ಬಾ ಅಂದ್ರೆ!”

ಅಷ್ಟೇ ಮಹದೇವು ಕಂಡದ್ದು: ತಾಯಿಯ ತಲೆಯ ಮೇಲಿನ ಹನಿ. ಅವಳ ಕಡೆ ಒಂದು ಹೆಜ್ಜೆ ಇಟ್ಟ. ಫೋನು ಬಂತು.

ಲಾರಿ, ಗಾಜು, ಟಾರ್ಪಾಲು.

ಈ ಸಲ ರವಿಚಂದ್ರ ಪಿಸುಗುಟ್ಟುತ್ತಿದ್ದ. “ಮಹದೇವು, ಎಲ್ಲಿದ್ದೀಯ?”

“ಮಂಡ್ಯದ ಹತ್ರ ಬಂದೆ ಸಾ.”

“ಹತ್ರ ಅಲ್ಲ. ನಮ್ಮ ರಸ್ತೆಗೆ ಬಂದಿದ್ದೀಯ. ನಾನು ಗೇಟಿನಲ್ಲಿ ನಿಂತಿದ್ದೀನಿ. ಬೊಟ್ಟು ನನ್ನ ಕಡೆಗೇ ಬರ್ತಿದೆ. ಬಂತು. ಬಂತು... ನಿಲ್ತು. ಎಲ್ಲಯ್ಯಾ ಲಾರಿ? ಇಲ್ಲಿ ಯಾವನೋ ಟಿವಿಎಸ್ ಸ್ಟ್ಯಾಂಡ್ ಹಾಕ್ತಿದ್ದಾನೆ, ಅಷ್ಟೆ.”

ಮಹದೇವು ಟಾರ್ಪಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ.

“ಈಗ ನಮ್ಮ ಜಗಲಿ ಹತ್ತಿತು. ಮಹದೇವು, ನನ್ನ ಲಾರಿ ನಮ್ಮ ಹಾಲಿನಲ್ಲಿದೆ. ನಮ್ಮ ಸೋಫಾ ಮೇಲೆ ಕೂತಿದೆ. ನಮ್ಮವ್ವ ಅದಕ್ಕೆ ಚಕ್ಕುಲಿ ಕೊಡ್ತಿದ್ದಾಳೆ.”

ಫೋನಿನೊಳಗಿಂದ ನಾಗಯ್ಯನ ದನಿ ಸ್ಪಷ್ಟವಾಗಿ ಕೇಳಿಸಿತು: “ಶಿವನಂಜಕ್ಕ, ನೀನು ನಮ್ಮತ್ತೆ ತಂಗಿ ಮಗಳು ಕಣಕ್ಕ, ಮರ್ತ್ಬುಟ್ರೆ ಎಂಗೆ? ಮನೆ ಮಂದಿಯೆಲ್ಲ ಬರ್ಬೇಕು. ಕಾಫಿ ಅರ್ಧ ಲೋಟ ಸಾಕು, ಹತ್ತೊಂಬತ್ತಾಯ್ತು.” ಆಮೇಲೆ ರವಿಚಂದ್ರನ ಪ್ರಶ್ನೆ. ಆಮೇಲೆ ನಾಗಯ್ಯನ ನಿರ್ಮಲವಾದ ಉತ್ತರ: “ಲಾರಿಯಾ? ಅದು ಗಗನಚುಕ್ಕಿಗೆ ಓಗದೆ ಸಾಮಿ. ಮಹದೇವು ಅವ್ನವ್ವಂಗೆ ನೀರು ಬೀಳೋದು ತೋರ್ಸಾಕೆ ಕರ್ಕಂಡ್ ಓಗವ್ನೆ. ಊರೇ ಓಗದೆ, ನಮ್ಮನೆಯೋಳೂ ಓಗವ್ಳೆ. ಈ ಡಬ್ಬಿ ನಂಗೆ ಕೊಟ್ಟ. ಏನಿದು, ರೇಡಿಯೋನಾ?”

ಮಹದೇವು ಟಾರ್ಪಾಲಿನ ಒಳಗೇ ಇಗ್ನಿಷನ್ನಿನಿಂದ ಕೀ ಕಿತ್ತು, ಬ್ಯಾಡ್ಜು ಕಳೆದುಕೊಳ್ಳುವ ಪೊಲೀಸಿನವನಂತೆ ಅಂಗೈಯಲ್ಲಿಟ್ಟುಕೊಂಡು ಕಾದ. ಫೋನಿನಲ್ಲಿ ದನಿ ಬಂತು. ರವಿಚಂದ್ರನದಲ್ಲ.

“ಯಾರಪ್ಪ ನೀನು?” ಶಿವನಂಜಮ್ಮ. ಮಾಲೀಕನ ತಾಯಿ. “ಬೇರೆಯೋರ ಲಾರಿ ಓಡ್ಸ್ಕಂಡು ಅವ್ವುಂಗೆ ಗಗನಚುಕ್ಕಿ ತೋರ್ಸ್ದಾ? ನಿನ್ ಹೊಟ್ಟೆ ತಣ್ಣಗಿರ್ಲಿ. ಇಲ್ಲೊಬ್ಬ ಅವ್ನೆ, ಏಳು ಲಾರಿ ಮಡಗವ್ನೆ. ನಂಗೆ ಮಂಡ್ಯ ಬಸ್ ಸ್ಟ್ಯಾಂಡ್ ಬುಟ್ರೆ ಆಸ್ಪತ್ರೆ, ಆಸ್ಪತ್ರೆ ಬುಟ್ರೆ ಬಸ್ ಸ್ಟ್ಯಾಂಡ್. ತಗೊ, ಅವ್ನ ಹತ್ರ ಮಾತಾಡು.”

ರವಿಚಂದ್ರ ಫೋನು ಇಸಕೊಂಡ. “ಮಹದೇವು.”

“ಕೀ ತಂದು ಮೇಜಿನ ಮೇಲೆ ಇಡ್ತೀನಿ ಸಾ.”

“ಅದು ಆಮೇಲೆ. ಲೋಡು ನಾಳೆ ಸಂಜೆಗೆ ತಳ್ಳಿದ್ದೀನಿ. ನಾಳೆ ಬೆಳಿಗ್ಗೆ ಆರಕ್ಕೆ ಗಾಡಿ ತೊಳೆದು ನಮ್ಮನೆ ಮುಂದೆ ನಿಲ್ಸು. ನಮ್ಮವ್ವ, ಅವಳ ಸಂಘದ ಹೆಂಗಸರು, ನಾನು, ಒಟ್ಟು ಹದಿನೆಂಟು ಜನ. ಗಗನಚುಕ್ಕಿಗೆ.”

ಮಹದೇವು ಟಾರ್ಪಾಲು ಒದ್ದು ಎದ್ದು ಕೂತ. ಹೊರಗೆ ಆಗಲೇ ಕೊಪ್ಪದ ಹೆಂಗಸರು ಒದ್ದೆ ಸೀರೆಯಲ್ಲಿ ಓಡೋಡಿ ಬಂದು ಲಾರಿ ಹತ್ತುತ್ತಿದ್ದರು. ಐದಕ್ಕೆ ಡೈರಿ ಬಾಗಿಲು ಹಾಕುತ್ತದೆ, ಅಷ್ಟರೊಳಗೆ ಹಸು ಕರೆಯಬೇಕು. “ಓಡ್ಸ್ಲಾ ಬೇಗ!” ಎಂದು ಚಿಕ್ಕಬೋರಯ್ಯ ಕ್ಯಾಬಿನ್ನಿನ ತಗಡು ಬಡಿಯುತ್ತಿದ್ದ. ಬಡಿದುಕೊಳ್ಳಲಿ ಬಿಡು. ಇವತ್ತು ಹೋದರೆ ಹೋಯಿತು, ನಾಳೆ ಇದೆಯಲ್ಲ. ನಾಳೆ ಫೋನು ಮಾಡುವವನೇ ಜೊತೆಯಲ್ಲಿರುತ್ತಾನೆ. ಕಂಬಿ ಹಿಡಿದು, ಕಣ್ಣು ನೋಯುವವರೆಗೆ ನೋಡಬಹುದು.

“ಆಯ್ತು ಸಾ! ನಿಧಾನಕ್ಕೆ, ಹೂವಿನ ಮೇಲೆ ಓಡಿಸ್ದಂಗೆ ಓಡಿಸ್ತೀನಿ ಸಾ!”

“ನೀನ್ಯಾಕೆ ಓಡಿಸ್ತೀಯ? ನಾನು ಓಡಿಸ್ತೀನಿ. ಹನ್ನೊಂದು ವರ್ಷ ಆಯ್ತು ಸ್ಟೇರಿಂಗ್ ಹಿಡಿದು, ಕೈ ಕಡೀತಿದೆ. ಕೀ ನನ್ನ ಕೈಗೆ ಕೊಟ್ಟು ನೀನು ಡಬ್ಬಿ ತಗೊ.”

“ಡಬ್ಬಿನಾ ಸಾ?”

“ಮತ್ತೆ? ಆ ಬೊಟ್ಟು ನಾನೊಬ್ಬನೇ ನೋಡ್ತೀನಿ ಅಂದ್ಕೊಂಡ್ಯಾ? ಬೆಲ್ಲ ಕೊಳ್ಳೋ ಗುಜರಾತಿನ ಸೇಟೂ ನೋಡ್ತಾನೆ. ಬೆಳಿಗ್ಗೆಯಿಂದ ನಾಲ್ಕು ಸಲ ಫೋನು ಮಾಡಿದ. ನಿಮ್ಮ ಲಾರಿ ಮನೆಮನೆ ಮುಂದೆ ಯಾಕೆ ನಿಲ್ತಿದೆ ಅಂತ. ಆಲೆಮನೆಯಿಂದ ಆಲೆಮನೆಗೆ ಹೋಗಿ, ಮುರಿದು ನೋಡಿ, ಆರಿಸಿ ಆರಿಸಿ ಬೆಲ್ಲ ತುಂಬ್ತಿದ್ದೀವಿ ಅಂದುಬಿಟ್ಟೆ. ಕುಣಿದಾಡಿಬಿಟ್ಟ. ಪೂರ್ತಿ ಲೋಡು ಹಂಗೇ ಆರಿಸಿ ಅಂದಿದ್ದಾನೆ.”

“ಅಂದ್ರೆ ಸಾ...”

“ಅಂದ್ರೆ, ನಾಳೆನೂ ಬೊಟ್ಟು ಮನೆಮನೆಗೆ ಹೋಗ್ಬೇಕು. ನಾಗಯ್ಯನ ಹತ್ರ ಇನ್ನೂ ನೂರ ಎಂಬತ್ತು ಕಾರ್ಡಿದೆ. ಅವನ ಹೊಟ್ಟೇಲಿ ಕಾಫಿಗೆ ಜಾಗ ಇಲ್ಲವಂತೆ, ಟಿವಿಎಸ್ ನಿಂಗೇ ಕೊಡ್ತಾನೆ. ಅರಿಶಿನ ಕುಂಕುಮ ಮರೀಬೇಡ, ಹೆಸರು ಹಿಡಿದು ಕರಿ, ಯಾರ ಮನೇಲೂ ಕಾಫಿ ಬೇಡ ಅನ್ನಬೇಡ. ಮತ್ತೆ ಕೇಳು ಮಹದೇವು, ಒಂದು ಮನೆಗೆ ಹನ್ನೆರಡು ನಿಮಿಷ, ಅಷ್ಟೇ. ನಾನು ಅಲ್ಲೇ ನೀರಿನ ಮುಂದೆ ಕಂಬಿಗೆ ಒರಗಿ ನೋಡ್ತಾ ಇರ್ತೀನಿ. ನಿನ್ನನ್ನ.”